ಹುಳಿ ಹಣ್ಣಿಗೆ ಕೆನೆಯ ಹೊದಿಕೆ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಸುಗ್ಗಿ ಮುಗಿದು ಚಳಿ ಕಾಲಿಡುವ ಹೊತ್ತಿಗೆ ದೂರದೂರಿನ ಮಕ್ಕಳು ಮೊಮ್ಮಕ್ಕಳೆಲ್ಲ ಹಿರಿಯರ ಮನೆಗೆ ಬಂದು ಸೇರುತ್ತಾರೆ. ಅಂದಿನ ಊಟದ ಮೇಜಿನ ನಡುವೆ ಹುರಿದ ಟರ್ಕಿ ಕೋಳಿ ಇರುತ್ತದೆ. ಸುತ್ತ ಆಲೂಗಡ್ಡೆ, ಗೆಣಸು, ಕುಂಬಳದ ಕಡುಬು ಇರುತ್ತವೆ. ಇವುಗಳ ಜೊತೆಗೆ ಬಹಳಷ್ಟು ಮನೆಗಳಲ್ಲಿ ಗಾಜಿನ ಬಟ್ಟಲೊಂದರಲ್ಲಿ ನಸುಗೆಂಪು ಬಣ್ಣದ, ಮೋಡದಂತೆ ಹಗುರಾದ ತಿನಿಸೊಂದು ಬರುತ್ತದೆ. ಅದು ಕೆನೆ ಬೆರೆಸಿದ ಕ್ರ್ಯಾನ್‌ಬೆರಿ ಹಣ್ಣಿನ ಸಲಾಡ್. ಕ್ರಿಸ್‌ಮಸ್ ಊಟಕ್ಕೂ ಅದು ಮತ್ತೊಮ್ಮೆ ಬರುತ್ತದೆ.

ಅಜ್ಜಿಯ ಕಾಲದಿಂದ ಬಂದದ್ದು ಎಂದು ಹೇಳಿ ಬಡಿಸುವ ತಿನಿಸು ಇದು. ಆ ಮಾತು ನಿಜವೇ. ಆದರೆ ಅಜ್ಜಿಯ ಅಜ್ಜಿಗೆ ಇದರ ಪರಿಚಯವೇ ಇರಲಿಲ್ಲ. ಬಟ್ಟಲಿನೊಳಗಿನ ಕೆಂಪು ಹಣ್ಣು ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಇದೆ. ಅದರ ಜೊತೆಗಿರುವ ಉಳಿದ ಬಹುಪಾಲು ಪದಾರ್ಥಗಳು ಕಳೆದ ನೂರು, ನೂರೈವತ್ತು ವರ್ಷಗಳಲ್ಲಿ ಕಾರ್ಖಾನೆ, ರೈಲು, ಹಡಗುಗಳ ಮೂಲಕ ಅಡುಗೆಮನೆಗೆ ಬಂದಂಥವು. ಒಂದು ಹುಳಿ ಹಣ್ಣು ಸಿಹಿ ತಿನಿಸಾದ ಈ ಕಥೆಯಲ್ಲಿ ಅಮೆರಿಕದ ಚರಿತ್ರೆಯ ಒಂದು ಭಾಗವೇ ಅಡಗಿದೆ. ಹಬ್ಬದ ದಿನ ಯಾರನ್ನು ನೆನೆಯುತ್ತಾರೆ, ಯಾರನ್ನು ಮರೆಯುತ್ತಾರೆ ಎಂಬ ಪ್ರಶ್ನೆಯೂ ಅದರಲ್ಲಿದೆ.

ಮಾಡುವ ಬಗೆ

ತಿನಿಸು ಮಾಡುವುದು ಕಷ್ಟವಲ್ಲ. ಹಸಿ ಕ್ರ್ಯಾನ್‌ಬೆರಿಯನ್ನು ಒರಟಾಗಿ ಅರೆದು, ಧಾರಾಳವಾಗಿ ಸಕ್ಕರೆ ಬೆರೆಸಿ ಒಂದು ರಾತ್ರಿ ತಣ್ಣಗೆ ಇಡುತ್ತಾರೆ. ಹಿಂದೆ ಮಾಂಸದ ಕೀಮಾ ಮಾಡುವ, ಕೈಯಿಂದ ತಿರುಗಿಸುವ ಯಂತ್ರದಲ್ಲೇ ಹಣ್ಣನ್ನು ಅರೆಯುತ್ತಿದ್ದರು. ಬೆಳಗಾಗುವಷ್ಟರಲ್ಲಿ ಸಕ್ಕರೆ ಹಣ್ಣಿನ ನೀರನ್ನೆಲ್ಲ ಎಳೆದು ಕೆಂಪು ಪಾಕವಾಗಿರುತ್ತದೆ. ಅದನ್ನು ಸೋಸಿ ತೆಗೆದು, ಸಣ್ಣಗೆ ಹೆಚ್ಚಿದ ಸೇಬು, ದ್ರಾಕ್ಷಿ, ಡಬ್ಬಿಯ ಅನಾನಸ್ ಚೂರು, ಅಕ್ರೋಟು, ಮಾರ್ಷ್‌ಮ್ಯಾಲೋ ಎಂಬ ಹತ್ತಿಯಂಥ ಮಿಠಾಯಿಯ ತುಣುಕುಗಳನ್ನು ಸೇರಿಸುತ್ತಾರೆ. ಕೊನೆಯಲ್ಲಿ, ನೊರೆ ಬರುವಂತೆ ಕಡೆದ ಗಟ್ಟಿ ಕೆನೆಯನ್ನು ಹಾಕಿ ಮೆಲ್ಲಗೆ ಕಲೆಸುತ್ತಾರೆ.

ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ ಎಂಬುದು ಎಲ್ಲ ಅಡುಗೆಮನೆಗಳ ಅನುಭವ. ಇಷ್ಟು ಹುಳಿಯಾದ ಹಣ್ಣಿನ ಜೊತೆ ಕೆನೆ ಹೇಗೆ ಉಳಿಯುತ್ತದೆ? ಹುಳಿಗೆ ಹೆಪ್ಪುಗಟ್ಟುವುದು ಹಾಲಿನಲ್ಲಿರುವ ಪ್ರೋಟೀನು. ಕಡೆಯಲು ಬಳಸುವ ಗಟ್ಟಿ ಕೆನೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಿಡ್ಡೇ ಇದ್ದು, ಪ್ರೋಟೀನಿನ ಅಂಶ ಬಹಳ ಕಡಿಮೆ. ಪಾಕವನ್ನು ಮೊದಲೇ ಸೋಸಿರುವುದರಿಂದ ಕೆನೆಗೆ ತಾಗುವ ಹುಳಿಯೂ ಕಡಿಮೆ. ಎಲ್ಲವೂ ತಣ್ಣಗಿರುವುದು ಇನ್ನೊಂದು ಅನುಕೂಲ. ಅನಾನಸ್ ಡಬ್ಬಿಯದೇ ಏಕೆ ಎಂಬುದಕ್ಕೂ ಕಾರಣವಿದೆ. ಹಸಿ ಅನಾನಸ್‌ನಲ್ಲಿ ಪ್ರೋಟೀನನ್ನು ಕತ್ತರಿಸಿಹಾಕುವ ಬ್ರೊಮೆಲೈನ್ ಎಂಬ ಕಿಣ್ವವಿದೆ. ಹಾಲಿನ ಪದಾರ್ಥದ ಜೊತೆ ಅದನ್ನು ಇಟ್ಟರೆ ಕಹಿಯಾಗುತ್ತದೆ. ಡಬ್ಬಿಗೆ ತುಂಬುವಾಗ ಬಿಸಿ ಮಾಡುವುದರಿಂದ ಆ ಕಿಣ್ವ ಸಾಯುತ್ತದೆ.

ಜವುಗಿನ ಬಳ್ಳಿ

ನಮ್ಮ ಮಲೆನಾಡಿನ ಕವಳೆ ಹಣ್ಣನ್ನು ತಿಂದವರಿಗೆ ಕ್ರ್ಯಾನ್‌ಬೆರಿಯ ರುಚಿಯನ್ನು ಊಹಿಸುವುದು ಸುಲಭ. ಗಾತ್ರ ಹೆಚ್ಚುಕಡಿಮೆ ಅಷ್ಟೇ. ಹುಳಿಯ ಜೊತೆಗೆ ನಾಲಗೆ ಒಣಗಿಸುವ ಒಗರು. ಕವಳೆ ಗುಡ್ಡದ ಮುಳ್ಳುಪೊದೆ. ಕ್ರ್ಯಾನ್‌ಬೆರಿಯಾದರೋ ಶೀತಪ್ರದೇಶದ ಜವುಗು ನೆಲದಲ್ಲಿ ಹರಡುವ ಬಳ್ಳಿ. ಹುಳಿಮಣ್ಣು, ಮರಳು, ಬೇಕಾದಾಗ ಸಿಹಿನೀರು ಇದ್ದರೆ ಅದಕ್ಕೆ ಸಾಕು. ಒಮ್ಮೆ ನೆಟ್ಟರೆ ತಲೆಮಾರುಗಳ ಕಾಲ ಫಲ ಕೊಡುತ್ತದೆ. ಅದರ ಹೂವು ಕೊಕ್ಕರೆ ಜಾತಿಯ ಕ್ರೇನ್ ಹಕ್ಕಿಯ ತಲೆ ಮತ್ತು ಕೊಕ್ಕಿನಂತೆ ಕಾಣುವುದರಿಂದ ವಲಸೆ ಬಂದ ಯೂರೋಪಿಯನ್ನರು ಕ್ರೇನ್‌ಬೆರಿ ಎಂದು ಕರೆದರು, ಮುಂದೆ ಅದೇ ಕ್ರ್ಯಾನ್‌ಬೆರಿ ಆಯಿತು ಎಂದು ಹೇಳುವುದು ವಾಡಿಕೆ.

ಅವರು ಬರುವ ಮೊದಲೇ ಆ ನೆಲದ ಮೂಲನಿವಾಸಿಗಳು ಈ ಹಣ್ಣನ್ನು ಬಲ್ಲವರಾಗಿದ್ದರು. ಇಂದಿನ ಮ್ಯಾಸಚೂಸೆಟ್ಸ್ ಕರಾವಳಿಯ ವಾಂಪನೋಆಗ್ ಜನ ಶರತ್ಕಾಲದಲ್ಲಿ ಜವುಗಿಗಿಳಿದು ಹಣ್ಣು ಬಿಡಿಸಿ, ಒಣಗಿಸಿ, ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಒಣಮಾಂಸದ ಪುಡಿ ಮತ್ತು ಕೊಬ್ಬಿನ ಜೊತೆ ಇಂಥ ಹಣ್ಣುಗಳನ್ನು ಕುಟ್ಟಿ ಮಾಡಿದ ಪೆಮ್ಮಿಕನ್ ಎಂಬ ಬುತ್ತಿ ಉತ್ತರ ಅಮೆರಿಕದ ಹಲವು ಬುಡಕಟ್ಟುಗಳಲ್ಲಿ ಇತ್ತು. ಅದು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಕ್ರ್ಯಾನ್‌ಬೆರಿಯಲ್ಲಿ ಸಹಜವಾಗಿಯೇ ಬೆಂಜಾಯಿಕ್ ಆಮ್ಲವಿದೆ ಎಂದು ಮುಂದೆ ವಿಜ್ಞಾನಿಗಳು ಕಂಡುಕೊಂಡರು. ಆಹಾರ ಕೆಡದಂತೆ ಇಂದಿನ ಕಾರ್ಖಾನೆಗಳು ಬಳಸುವ ಪದಾರ್ಥಗಳಲ್ಲಿ ಅದೂ ಒಂದು. ಹಣ್ಣನ್ನು ಔಷಧಿಗೂ ಬಣ್ಣಕ್ಕೂ ಬಳಸುವುದಿತ್ತು.

ಇಂಗ್ಲೆಂಡಿನಿಂದ ಹೊರಟ ‘ಮೇಫ್ಲವರ್’ ಹಡಗಿನ ವಲಸಿಗರು ಪ್ಲಿಮತ್‌ನಲ್ಲಿ ನೆಲೆಯೂರಿದ್ದು 1620ರ ಕೊನೆಯಲ್ಲಿ. ಮೊದಲ ಚಳಿಗಾಲದಲ್ಲೇ ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಉಳಿದವರು 1621ರಲ್ಲಿ ಸ್ಥಳೀಯರ ನೆರವಿನಿಂದ ಮೆಕ್ಕೆಜೋಳ ಬೆಳೆದು ಸುಗ್ಗಿ ಮಾಡಿದರು. ವಾಂಪನೋಆಗರ ನಾಯಕ ಮ್ಯಾಸಸಾಯಿಟ್ ಸುಮಾರು ತೊಂಬತ್ತು ಮಂದಿಯೊಡನೆ ಬಂದು ಸೇರಿದ. ಮೂರು ದಿನ ಊಟ ನಡೆಯಿತು. ಅಲ್ಲಿದ್ದ ಎಡ್ವರ್ಡ್ ವಿನ್ಸ್‌ಲೋ ಬರೆದ ಪತ್ರದಲ್ಲಿ ಹಕ್ಕಿಗಳ ಬೇಟೆಯ ವಿಷಯ, ಅತಿಥಿಗಳು ತಂದ ಐದು ಜಿಂಕೆಗಳ ವಿಷಯ ಇದೆ. ಕ್ರ್ಯಾನ್‌ಬೆರಿಯ ಹೆಸರಿಲ್ಲ. ಹಣ್ಣು ಇದ್ದಿರಬಹುದಾದರೂ ಅದನ್ನು ಸಿಹಿ ಮಾಡುವಷ್ಟು ಸಕ್ಕರೆ ಆ ಬಡ ವಸಾಹತಿನಲ್ಲಿ ಇರುವಂತಿರಲಿಲ್ಲ. ಹಬ್ಬದ ಮೂಲವೆಂದು ಇಂದು ಹೇಳುವ ಊಟಕ್ಕೂ ಹಬ್ಬದ ಬಟ್ಟಲಿನಲ್ಲಿರುವ ಕೆಂಪು ಸಿಹಿಗೂ ಇರುವ ನಂಟು ಇಷ್ಟೇ.

ಸಿಹಿಯ ಆಗಮನ

ಸಕ್ಕರೆ ಬಂದದ್ದು ದಕ್ಷಿಣದಿಂದ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿದು ತೆಗೆದ ಸಕ್ಕರೆ, ಕಾಕಂಬಿಗಳು ನ್ಯೂ ಇಂಗ್ಲೆಂಡಿನ ಬಂದರುಗಳನ್ನು ತಲುಪುತ್ತಿದ್ದವು. ಅಮೆರಿಕದವರೇ ಬರೆದು ಅಮೆರಿಕದಲ್ಲಿ ಅಚ್ಚಾದ ಮೊದಲ ಪಾಕಪುಸ್ತಕವೆಂದು ಹೆಸರಾದ ಅಮೀಲಿಯಾ ಸಿಮನ್ಸ್ ಅವರ ‘ಅಮೆರಿಕನ್ ಕುಕರಿ’ ಹೊರಬಂದದ್ದು 1796ರಲ್ಲಿ. ಟರ್ಕಿಯ ಜೊತೆ ಕ್ರ್ಯಾನ್‌ಬೆರಿ ಸಾಸ್ ಬಡಿಸುವ ಸಲಹೆ ಅದರಲ್ಲಿದೆ. ಎಂದರೆ ಅಷ್ಟರಲ್ಲಿ ಈ ಜೋಡಿ ಕೂಡಿಬಂದಿತ್ತು.

ಆವರೆಗೂ ಹಣ್ಣು ಕಾಡಿನದೇ. ಅದನ್ನು ಬೆಳೆಯಾಗಿಸಿದ ಕೀರ್ತಿ ಕೇಪ್ ಕಾಡ್ ಪ್ರದೇಶದ ಡೆನಿಸ್ ಊರಿನ ಹೆನ್ರಿ ಹಾಲ್‌ಗೆ ಸಲ್ಲುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದ ಆತ, ಕಡಲ ಕಡೆಯಿಂದ ಗಾಳಿಗೆ ಹಾರಿಬಂದ ಮರಳು ಬಿದ್ದಲ್ಲಿ ಬಳ್ಳಿಗಳು ಇನ್ನೂ ಹುಲುಸಾಗಿ ಬೆಳೆಯುವುದನ್ನು ಗಮನಿಸಿದ. 1816ರ ಸುಮಾರಿಗೆ ತಾನೇ ಬಳ್ಳಿ ನೆಟ್ಟು ಮರಳು ಹರಡಲು ತೊಡಗಿದ. ಕೆಲವು ವರ್ಷಗಳಿಗೊಮ್ಮೆ ಮರಳು ಹಾಕುವ ಆ ಪದ್ಧತಿ ಇಂದಿಗೂ ಇದೆ. ಚಳಿಗಾಲದಲ್ಲಿ ಗದ್ದೆಗೆ ನೀರು ಬಿಟ್ಟು, ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಮರಳು ಹರಡಿಬಿಡುತ್ತಾರೆ. ಮಂಜು ಕರಗಿದಾಗ ಮರಳು ತಾನಾಗಿ ಬಳ್ಳಿಯ ಬುಡ ಸೇರುತ್ತದೆ.

ಕ್ರ್ಯಾನ್‌ಬೆರಿ ನೀರಿನಲ್ಲಿ ಬೆಳೆಯುತ್ತದೆ ಎಂಬ ತಪ್ಪು ತಿಳಿವಳಿಕೆ ಸಾಮಾನ್ಯ. ಕೊಯ್ಲಿನ ಸಮಯದ ಚಿತ್ರಗಳೇ ಅದಕ್ಕೆ ಕಾರಣ. ಹಣ್ಣಿನೊಳಗೆ ಗಾಳಿ ತುಂಬಿದ ನಾಲ್ಕು ಕೋಣೆಗಳಿವೆ. ಗದ್ದೆಗೆ ನೀರು ಬಿಟ್ಟು ಬಳ್ಳಿಯನ್ನು ಅಲುಗಿಸಿದರೆ ಹಣ್ಣು ಉದುರಿ ತೇಲುತ್ತದೆ. ಆಗ ಅದನ್ನು ಒಂದು ಕಡೆಗೆ ದೂಡಿ ಎತ್ತಿಕೊಳ್ಳುತ್ತಾರೆ. ಗಾಳಿ ತುಂಬಿದ ಗಟ್ಟಿ ಹಣ್ಣು ಚೆಂಡಿನಂತೆ ಪುಟಿಯುತ್ತದೆ ಕೂಡ. ನ್ಯೂಜರ್ಸಿಯ ಜಾನ್ ವೆಬ್ ಎಂಬ ಬೆಳೆಗಾರನಿಗೆ ಒಂದು ಕಾಲು ಮರದ್ದು. ಮಹಡಿಯಿಂದ ಹಣ್ಣು ಹೊತ್ತು ಇಳಿಸಲಾಗದೆ ಮೆಟ್ಟಿಲ ಮೇಲಿನಿಂದ ಸುರಿದನಂತೆ. ಒಳ್ಳೆಯ ಹಣ್ಣು ಪುಟಿಯುತ್ತಾ ಕೆಳಗೆ ಬಂತು, ಕೊಳೆತದ್ದು ಮೆಟ್ಟಿಲಲ್ಲೇ ಉಳಿಯಿತು. ಈ ಕಥೆ ಬೆಳೆಗಾರರಲ್ಲಿ ಜನಪ್ರಿಯ. ಹಣ್ಣು ವಿಂಗಡಿಸುವ ಯಂತ್ರಗಳು ಇದೇ ತತ್ತ್ವದ ಮೇಲೆ ತಯಾರಾದವು.

ಬಿಡಿಸಿದ ಕೈಗಳು

ಹಬ್ಬದ ಹಿಂದಿನ ವಾರಗಳಲ್ಲಿ ಬೇಡಿಕೆ ಏರತೊಡಗಿದಂತೆ ಕೂಲಿಗಳ ಅಗತ್ಯವೂ ಏರಿತು. ಯಂತ್ರಗಳಿಲ್ಲದ ಆ ಕಾಲದಲ್ಲಿ ಮಂಡಿಯೂರಿ ಕೂತು ಕೈಯಿಂದಲೋ, ಹಲ್ಲುಗಳಿರುವ ಮರದ ಮೊರದಂಥ ಸಾಧನದಿಂದಲೋ ಹಣ್ಣು ಬಾಚಬೇಕಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಈ ಕೆಲಸ ಮಾಡಿದವರಲ್ಲಿ ಬಹುಮಂದಿ ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳವರು. ತಿಮಿಂಗಿಲ ಬೇಟೆಯ ಹಡಗುಗಳ ಮೂಲಕ ನ್ಯೂ ಬೆಡ್‌ಫರ್ಡ್ ಬಂದರಿಗೆ ಬಂದಿದ್ದ ಜನ ಅವರು. ಕಡಿಮೆ ಕೂಲಿಯ ವಿರುದ್ಧ 1933ರಲ್ಲಿ ಅವರು ಮುಷ್ಕರವನ್ನೂ ಹೂಡಿದರು. ಮುಷ್ಕರ ಮುರಿದುಬಿತ್ತು. ಮುಂದೆ ಅವರಲ್ಲಿ ಕೆಲವರು ಸ್ವಂತ ಗದ್ದೆಗಳನ್ನೂ ಮಾಡಿಕೊಂಡರು.

ನ್ಯೂಜರ್ಸಿಯ ಗದ್ದೆಗಳಿಗೆ ಫಿಲಡೆಲ್ಫಿಯಾ ನಗರದಿಂದ ಇಟಲಿ ಮೂಲದ ಬಡ ಕುಟುಂಬಗಳು ಬರುತ್ತಿದ್ದವು. ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ದೇಶವೆಲ್ಲ ಸುತ್ತುತ್ತಿದ್ದ ಛಾಯಾಗ್ರಾಹಕ ಲೂಯಿಸ್ ಹೈನ್ 1910ರಲ್ಲಿ ನ್ಯೂಜರ್ಸಿಯಲ್ಲಿ, 1911ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ತೆಗೆದ ಚಿತ್ರಗಳು ಉಳಿದಿವೆ. ತಮ್ಮ ಅರ್ಧದಷ್ಟು ಎತ್ತರದ ಪೆಟ್ಟಿಗೆ ಹೊತ್ತ ಮಕ್ಕಳು ಅವುಗಳಲ್ಲಿದ್ದಾರೆ. ಶಾಲೆ ಆರಂಭವಾಗಿ ವಾರಗಳಾಗಿದ್ದರೂ ಗದ್ದೆಯಲ್ಲೇ ಉಳಿದವರು ಅವರು. ಚಿತ್ರದ ಕೆಳಗೆ ಮಗುವಿನ ವಯಸ್ಸು, ದುಡಿಮೆಯ ಸ್ಥಳಗಳನ್ನು ಬರೆದಿಡುವುದು ಹೈನ್ ಅವರ ಪದ್ಧತಿಯಾಗಿತ್ತು. ಅಮೆರಿಕದಲ್ಲಿ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಜನಾಭಿಪ್ರಾಯ ಮೂಡಿಸುವುದರಲ್ಲಿ ಅವರ ಚಿತ್ರಗಳ ಪಾಲು ದೊಡ್ಡದು.

ಡಬ್ಬಿ, ಪುಡಿ, ಕೆನೆ

ಹಸಿ ಹಣ್ಣು ಸಿಗುವುದು ವರ್ಷದಲ್ಲಿ ಎರಡು, ಮೂರು ತಿಂಗಳು ಮಾತ್ರ. ಮಾರ್ಕಸ್ ಯುರಾನ್ ಎಂಬ ವಕೀಲ ಗದ್ದೆಗಳನ್ನು ಕೊಂಡು, 1912ರಲ್ಲಿ ಹ್ಯಾನ್ಸನ್ ಎಂಬ ಊರಿನಲ್ಲಿ ಹಣ್ಣು ಬೇಯಿಸಿ ಡಬ್ಬಿಗೆ ತುಂಬಲಾರಂಭಿಸಿದ. ಕ್ರ್ಯಾನ್‌ಬೆರಿಯಲ್ಲಿ ಪೆಕ್ಟಿನ್ ಹೇರಳವಾಗಿರುವುದರಿಂದ ಸಕ್ಕರೆ ಹಾಕಿ ಕುದಿಸಿದರೆ ತಾನಾಗಿ ಹಲ್ವದಂತೆ ಗಟ್ಟಿಯಾಗುತ್ತದೆ. ಪೂರ್ತಿ ಮಾಗದ, ಜಜ್ಜಿದ ಹಣ್ಣಿಗೂ ಇದರಿಂದ ಬೆಲೆ ಬಂತು. 1930ರಲ್ಲಿ ಯುರಾನ್, ಜಾನ್ ಮೇಕ್‌ಪೀಸ್ ಮತ್ತು ನ್ಯೂಜರ್ಸಿಯ ಎಲಿಜಬೆತ್ ಲೀ ಪೈಪೋಟಿ ಬಿಟ್ಟು ಬೆಳೆಗಾರರ ಸಹಕಾರ ಸಂಘ ಕಟ್ಟಿದರು. ಅದೇ ಇಂದಿನ ‘ಓಷನ್ ಸ್ಪ್ರೇ’. ಡಬ್ಬಿ ಬಂದ ಮೇಲೆ ಜವುಗನ್ನೇ ಕಾಣದ ರಾಜ್ಯಗಳ ಮೇಜಿಗೂ ಹಣ್ಣು ತಲುಪಿತು.

ಸಲಾಡಿನ ಉಳಿದ ಪದಾರ್ಥಗಳೂ ಇದೇ ಕಾಲದ ಮಕ್ಕಳು. ಜೆಲಾಟಿನ್ ಪುಡಿಗೆ ಸಕ್ಕರೆ ಮತ್ತು ಬಣ್ಣ ಬೆರೆಸಿದ ‘ಜೆಲ್-ಓ’ ನ್ಯೂಯಾರ್ಕ್ ರಾಜ್ಯದ ಲಿರಾಯ್ ಊರಿನಲ್ಲಿ 1897ರಲ್ಲಿ ಹುಟ್ಟಿತು. ಪರ್ಲ್ ವೇಟ್ ಅದನ್ನು ಮಾರಲಾಗದೆ 1899ರಲ್ಲಿ ನೆರೆಯವನಿಗೆ 450 ಡಾಲರಿಗೆ ಹಕ್ಕು ಬಿಟ್ಟುಕೊಟ್ಟ. ಅದು ಕೆಲವೇ ವರ್ಷಗಳಲ್ಲಿ ಮನೆಮಾತಾಗಿ, ಹಣ್ಣನ್ನು ಜೆಲ್ಲಿಯಲ್ಲಿ ಹೆಪ್ಪುಗಟ್ಟಿಸಿದ ‘ಸಲಾಡು’ಗಳ ಯುಗ ಶುರುವಾಯಿತು. ಅನಾನಸ್ ಡಬ್ಬಿಗಳ ಹಿಂದೆ ಹವಾಯಿ ಇದೆ. ಅಲ್ಲಿನ ರಾಣಿಯನ್ನು 1893ರಲ್ಲಿ ಪದಚ್ಯುತಿಗೊಳಿಸಲಾಯಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. 1901ರಲ್ಲಿ ಜೇಮ್ಸ್ ಡೋಲ್ ಅನಾನಸ್ ಕಂಪನಿ ತೆರೆದ. ಮಾರ್ಷ್‌ಮ್ಯಾಲೋ ಹಿಂದೆ ಒಂದು ಗಿಡದ ಬೇರಿನ ಅಂಟಿನಿಂದ ಮಾಡುತ್ತಿದ್ದ ತಿನಿಸು. ಆ ಜಾಗಕ್ಕೆ ಜೆಲಾಟಿನ್ ಬಂದು, 1950ರ ದಶಕದಲ್ಲಿ ಕೊಳವೆಯಿಂದ ಹೊರಹೊಮ್ಮಿಸಿ ಕತ್ತರಿಸುವ ಯಂತ್ರವೂ ಬಂದ ಮೇಲೆ ಅದು ಅಗ್ಗವಾಯಿತು. ರೆಫ್ರಿಜರೇಟರ್ ಮಧ್ಯಮವರ್ಗದ ಮನೆ ಹೊಕ್ಕ ಮೇಲೆ ಹಣ್ಣು, ಕೆನೆಗಳನ್ನು ರಾತ್ರಿಯಿಡೀ ತಣ್ಣಗಿಡುವುದು ಸಲೀಸಾಯಿತು. ಕಡೆಯುವ ಶ್ರಮವನ್ನೂ ಉಳಿಸುವ ಕೃತಕ ಕೆನೆ ‘ಕೂಲ್ ವಿಪ್’ 1966ರಲ್ಲಿ ಬಂತು.

ಹೀಗೆ, ಅಜ್ಜಿಯ ಕೈರುಚಿ ಎನಿಸಿಕೊಂಡ ತಿನಿಸಿನ ಬಹುಪಾಲು ಪದಾರ್ಥಗಳು ಜಾಹೀರಾತು ಮತ್ತು ಡಬ್ಬಿಯ ಮೇಲಿನ ಪಾಕವಿಧಾನಗಳ ಮೂಲಕ ಅಜ್ಜಿಯ ಕೈಗೆ ಬಂದವು. ಹಬ್ಬವೂ ಹಾಗೆಯೇ ರೂಪುಗೊಂಡದ್ದು. ಪತ್ರಿಕಾ ಸಂಪಾದಕಿ ಸಾರಾ ಹೇಲ್ ದಶಕಗಳ ಕಾಲ ಒತ್ತಾಯಿಸಿದ ಮೇಲೆ ಅಧ್ಯಕ್ಷ ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ಇಡೀ ದೇಶಕ್ಕೆ ಕೃತಜ್ಞತಾ ದಿನ ಘೋಷಿಸಿದರು. ನಾಲ್ಕನೇ ಗುರುವಾರ ಎಂದು ಕಾನೂನು ಆದದ್ದು 1941ರಲ್ಲಿ.

ಹಬ್ಬಕ್ಕೆ ಹದಿನೇಳು ದಿನ

ಈ ಹಣ್ಣು ಎಷ್ಟು ಆಳವಾಗಿ ಹಬ್ಬದೊಂದಿಗೆ ಬೆಸೆದುಕೊಂಡಿದೆ ಎಂಬುದು 1959ರಲ್ಲಿ ತಿಳಿಯಿತು. ಆ ವರ್ಷ ನವೆಂಬರ್ 9ರಂದು, ಹಬ್ಬಕ್ಕೆ ಹದಿನೇಳು ದಿನ ಇರುವಾಗ, ಆರೋಗ್ಯ ಮತ್ತು ಶಿಕ್ಷಣ ಸಚಿವ ಆರ್ಥರ್ ಫ್ಲೆಮಿಂಗ್ ಪತ್ರಕರ್ತರ ಮುಂದೆ ಒಂದು ಎಚ್ಚರಿಕೆ ಕೊಟ್ಟರು. ಅಮಿನೋಟ್ರಯಜೋಲ್ ಎಂಬ ಕಳೆನಾಶಕದ ಅಂಶ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಕೆಲವು ಹಣ್ಣುಗಳಲ್ಲಿ ಸಿಕ್ಕಿತ್ತು. ಅದು ಇಲಿಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಉಂಟುಮಾಡಿತ್ತು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಪದಾರ್ಥವನ್ನು ಆಹಾರಕ್ಕೆ ಸೇರಿಸಕೂಡದೆಂಬ ಡೆಲೇನಿ ನಿಯಮ ಹಿಂದಿನ ವರ್ಷವಷ್ಟೇ ಕಾನೂನಾಗಿತ್ತು. ಯಾವ ಊರಿನ ಹಣ್ಣು ಎಂದು ತಿಳಿಯದಿದ್ದರೆ ಗೃಹಿಣಿ ಏನು ಮಾಡಬೇಕೆಂಬ ಪ್ರಶ್ನೆ ಬಂತು. ಕೊಳ್ಳದಿರುವುದೇ ಕ್ಷೇಮ ಎಂಬ ಅರ್ಥದ ಉತ್ತರವನ್ನು ಸಚಿವರು ಕೊಟ್ಟರು.

ಮರುದಿನದಿಂದಲೇ ಅಂಗಡಿಗಳ ಕಪಾಟುಗಳಿಂದ ಡಬ್ಬಿಗಳು ಮಾಯವಾದವು. ವರ್ಷದ ವ್ಯಾಪಾರವನ್ನೆಲ್ಲ ಆ ಕೆಲವು ವಾರಗಳಲ್ಲೇ ಕಾಣುತ್ತಿದ್ದ ಬೆಳೆಗಾರರು, ಕಳೆನಾಶಕವನ್ನು ನಿಯಮದಂತೆ ಬಳಸಿದವರೂ ಸೇರಿದಂತೆ, ದಿಗ್ಭ್ರಾಂತರಾದರು. ಮುಂದಿನ ವರ್ಷದ ಅಧ್ಯಕ್ಷ ಚುನಾವಣೆಗೆ ಅಣಿಯಾಗುತ್ತಿದ್ದ ರಿಚರ್ಡ್ ನಿಕ್ಸನ್ ವಿಸ್ಕಾನ್ಸಿನ್‌ನಲ್ಲಿ ಕ್ರ್ಯಾನ್‌ಬೆರಿ ಸಾಸನ್ನು ಮತ್ತೆ ಮತ್ತೆ ಬಡಿಸಿಕೊಂಡು ತಿಂದು ತೋರಿಸಿದರು. ಅದೇ ರಾಜ್ಯದಲ್ಲಿ ಜಾನ್ ಕೆನಡಿ ಅದರ ರಸ ಕುಡಿದು ತೋರಿಸಿದರು. ಶ್ವೇತಭವನದ ಹಬ್ಬದ ಊಟದಲ್ಲಾದರೋ ಆ ವರ್ಷ ಕ್ರ್ಯಾನ್‌ಬೆರಿಯ ಬದಲು ಸೇಬಿನ ಸಾಸ್ ಇತ್ತೆಂದು ಪತ್ರಿಕೆಗಳು ಬರೆದವು. ತರಾತುರಿಯಲ್ಲಿ ಪರೀಕ್ಷೆಗಳು ನಡೆದು ಬಹುಪಾಲು ಹಣ್ಣು ಸುರಕ್ಷಿತವೆಂದು ತಿಳಿಯಿತು. ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. ಮರುವರ್ಷ ಸರ್ಕಾರ ಬೆಳೆಗಾರರಿಗೆ ಪರಿಹಾರ ಕೊಟ್ಟಿತು.

ಎಚ್ಚರಿಕೆ ಅತಿಯಾಯಿತೆಂದು ಹೇಳಿದವರಿದ್ದರು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಅದು ಸರಿಯೆಂದು ವಾದಿಸಿದವರೂ ಇದ್ದರು. ರೇಚಲ್ ಕಾರ್ಸನ್ 1962ರ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಕೃತಿಯಲ್ಲಿ ಈ ಪ್ರಕರಣವನ್ನು ಪ್ರಸ್ತಾಪಿಸಿದ್ದಾರೆ. ತಟ್ಟೆಯಲ್ಲಿರುವ ಆಹಾರದ ಹಿಂದೆ ಯಾವ ರಾಸಾಯನಿಕ ಇದೆ ಎಂದು ಅಮೆರಿಕದ ಸಾಮಾನ್ಯ ಗೃಹಿಣಿ ಕೇಳತೊಡಗಿದ ಸಂದರ್ಭಗಳಲ್ಲಿ ಇದು ಮುಖ್ಯವಾದುದು. ಬೆಳೆಗಾರರು ಕಲಿತ ಪಾಠ ಬೇರೆ. ಒಂದೇ ಹಬ್ಬವನ್ನು ನಂಬಿ ಬದುಕುವುದು ಅಪಾಯವೆಂದು ತಿಳಿದು, 1960ರ ದಶಕದಲ್ಲಿ ಹಣ್ಣಿನ ರಸದ ಕಡೆ ಹೊರಳಿದರು. ಇಂದು ಬೆಳೆಯ ಬಹುಪಾಲು ರಸವಾಗಿ, ಒಣಹಣ್ಣಾಗಿ ವರ್ಷವಿಡೀ ಮಾರಾಟವಾಗುತ್ತದೆ. 1990ರ ದಶಕದ ಮಧ್ಯಭಾಗದಿಂದ ವಿಸ್ಕಾನ್ಸಿನ್ ಮ್ಯಾಸಚೂಸೆಟ್ಸನ್ನು ಹಿಂದಿಕ್ಕಿದ್ದು, ದೇಶದ ಬೆಳೆಯ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ.

ಹುಳಿಯಾಗಿಯೇ ಉಳಿದ ಕಡೆ

ಅಮೆರಿಕದಲ್ಲಿ ನೆಲೆಸಿರುವ ಭಾರತೀಯ ಮನೆಗಳಿಗೂ ಈ ಹಣ್ಣು ಪರಿಚಿತ. ಅಲ್ಲಿ ಅದು ಹೆಚ್ಚಾಗಿ ಕೆನೆಯ ಸಹವಾಸಕ್ಕೆ ಹೋಗುವುದಿಲ್ಲ. ಉಪ್ಪು, ಖಾರ, ಇಂಗು, ಸಾಸಿವೆ ಒಗ್ಗರಣೆಯ ಜೊತೆ ಉಪ್ಪಿನಕಾಯಿಯೋ ತೊಕ್ಕೋ ಆಗುತ್ತದೆ. ಹುಣಸೆ, ಮಾವಿನಕಾಯಿ, ನೆಲ್ಲಿಗಳನ್ನು ಹುಳಿಯೆಂದೇ ಒಪ್ಪಿಕೊಂಡ ನಾಲಗೆಗೆ ಅದನ್ನು ಸಿಹಿಯಲ್ಲಿ ಮುಚ್ಚಬೇಕಾಗಿ ಬರಲಿಲ್ಲ. ಮಾರ್ಷ್‌ಮ್ಯಾಲೋದಲ್ಲಿರುವ ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯದೆಂಬ ಕಾರಣಕ್ಕೆ ಸಸ್ಯಾಹಾರಿಗಳು ಹಬ್ಬದ ಸಲಾಡನ್ನು ವಿಚಾರಿಸಿ ತಿನ್ನಬೇಕಾಗುತ್ತದೆ.

ಹಣ್ಣನ್ನು ಮೊದಲು ಬಲ್ಲವರ ಕಥೆಯೂ ಮುಗಿದಿಲ್ಲ. ತಮ್ಮ ಪೂರ್ವಿಕರು ಕಳೆದುಕೊಂಡ ನೆಲ ಮತ್ತು ಜೀವಗಳ ನೆನಪಿಗಾಗಿ ನ್ಯೂ ಇಂಗ್ಲೆಂಡಿನ ಮೂಲನಿವಾಸಿಗಳು 1970ರಿಂದ ಪ್ಲಿಮತ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನವನ್ನು ಶೋಕದಿನವಾಗಿ ಆಚರಿಸುತ್ತಾ ಬಂದಿದ್ದಾರೆ. ಅಲ್ಲಿಂದ ಬಹುದೂರವೇನೂ ಇಲ್ಲದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಅಕ್ವಿನಾ ಊರಿನ ವಾಂಪನೋಆಗರಿಗೆ ಬೇರೊಂದು ಹಬ್ಬವಿದೆ. ಅಕ್ಟೋಬರ್ ತಿಂಗಳ ಎರಡನೇ ಮಂಗಳವಾರ ಅವರ ಕ್ರ್ಯಾನ್‌ಬೆರಿ ದಿನ. ಆ ದಿನ ಮಕ್ಕಳು, ಮುದುಕರೆಲ್ಲ ಕಾಡು ಬಳ್ಳಿಗಳಿರುವ ಜವುಗಿಗೆ ಹೋಗಿ ಹಣ್ಣು ಬಿಡಿಸುತ್ತಾರೆ. ಮಧ್ಯಾಹ್ನ ಅಲ್ಲೇ ಒಟ್ಟಿಗೆ ಕೂತು ಬುತ್ತಿ ಬಿಚ್ಚುತ್ತಾರೆ. ಈ ಹಣ್ಣಿನ ಹೆಸರಿನಲ್ಲಿ ನಡೆಯುವ ಹಬ್ಬಗಳಲ್ಲಿ ಅತ್ಯಂತ ಹಳೆಯದು ಇದೇ ಇರಬೇಕು. ಅದಕ್ಕೆ ಡಬ್ಬಿಯೂ ಬೇಕಿಲ್ಲ, ಕೆನೆಯೂ ಬೇಕಿಲ್ಲ.